ತಾನೇ ಆರಿ ತಾನೇ ಹೊತ್ತುವ ಯಂತ್ರ

ಕೆಟ್ಟು ನಿಂತ ಯಂತ್ರಕ್ಕೆ ಒಂದು ಬಗೆಯ ಪ್ರಾಮಾಣಿಕತೆಯುಂಟು. ತಾನು ಕೆಟ್ಟಿರುವೆನೆಂಬುದನ್ನು ಅದು ಮರೆಮಾಚುವುದಿಲ್ಲ. ಗಿರಣಿಯ ಪಟ್ಟಿ ಹರಿದರೆ ಗಿರಣಿ ನಿಲ್ಲುತ್ತದೆ, ಗಡಿಯಾರದ ಕಮಾನು ಮುರಿದರೆ ಮುಳ್ಳು ನಿಲ್ಲುತ್ತದೆ. ದುರಸ್ತಿಗೆ ಬಂದವನು ನಿಂತದ್ದನ್ನು ಮುಂದಿಟ್ಟುಕೊಂಡು ಸಾವಕಾಶವಾಗಿ ಪರಿಶೀಲಿಸಬಹುದು. ಆದರೆ ಮೇಜಿನ ಮೇಲಿನ ಗಣಕಯಂತ್ರವೊಂದು, ಯಾರೂ ಗುಂಡಿಯನ್ನು ಮುಟ್ಟದಿರುವಾಗ, ಅರ್ಧ ಬರೆದ ಕಾಗದವನ್ನು ಅರ್ಧಕ್ಕೇ ಕೈಬಿಟ್ಟು ಫಕ್ಕನೆ ಆರಿ, ಮರುಗಳಿಗೆಯಲ್ಲಿ ಏನೂ ನಡೆಯಲೇ ಇಲ್ಲವೆಂಬ ಮುಖಭಾವದಿಂದ ಒಂದು ಕಿರುಧ್ವನಿ ಮಾಡಿ ಮತ್ತೆ ಹೊತ್ತಿಕೊಂಡು, ಕೆಲವು ನಿಮಿಷ ನೆಟ್ಟಗೆ ನಡೆದು, ಪುನಃ ಅದೇ ಆಟವನ್ನು ಹೂಡಿತೆಂದರೆ, ಪರೀಕ್ಷಿಸಲು ಬಂದವನ ಎದುರಿಗಿರುವುದು ಕೆಟ್ಟ ಯಂತ್ರವಲ್ಲ, ಸರಿಯಾಗಿ ನಡೆಯುತ್ತಿರುವ ಯಂತ್ರ. ದೋಷವು ತಲೆದೋರಿದ ಗಳಿಗೆಯಲ್ಲಿಯೇ ದೋಷದ ಸಾಕ್ಷ್ಯವೂ ಅಳಿಸಿಹೋಗಿರುತ್ತದೆ. ಕಂಪ್ಯೂಟರ್ ರಿಪೇರಿಯ ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತು ಪಳಗಿದವರೂ, ‘ಪೂರ್ತಿ ಡೆಡ್ ಆಗಿರೋ ಸಿಸ್ಟಮ್ ಬೇಕಾದ್ರೆ ತನ್ನಿ, ಈ ರೀಸ್ಟಾರ್ಟ್ ಪ್ರಾಬ್ಲಮ್ ಮಾತ್ರ ಬೇಡ’ ಎಂದು ಹೇಳುವುದು ಈ ಕಾರಣದಿಂದ.

ಈ ಉಪದ್ರವಕ್ಕೆ ಸಾಕಷ್ಟು ದೀರ್ಘವಾದ ಪೂರ್ವೋತ್ತರವಿದೆ. ಸೋಜಿಗದ ಸಂಗತಿಯೆಂದರೆ, ಅದರ ಮೂಲವನ್ನು ಅರಸುತ್ತ ಹಿಂದೆ ಹಿಂದೆ ಹೋದಂತೆಲ್ಲ, ತಾನಾಗಿ ಮರಳಿ ಆರಂಭಗೊಳ್ಳುವುದು ಯಂತ್ರದ ಅವಗುಣವಾಗಿ ಅಲ್ಲ, ಬಹು ಪ್ರಯಾಸದಿಂದ ಅದಕ್ಕೆ ಕಲಿಸಿದ ಸದ್ಗುಣವಾಗಿಯೇ ಕಾಣುತ್ತದೆ. ಆ ಸದ್ಗುಣವು ಉಪದ್ರವವಾಗಿ ಪರಿಣಮಿಸಿದ್ದು, ಮರಳಿ ಆರಂಭಗೊಳ್ಳುವುದಕ್ಕೆ ಕಾರಣವೇನೆಂಬುದನ್ನು ಹೇಳುವ ಅಭ್ಯಾಸವನ್ನು ಯಂತ್ರವು ಬಿಟ್ಟ ಮೇಲೆ; ಹೇಳದೆ ಉಳಿದ ಆ ಕಾರಣವನ್ನು ಹೊರಡಿಸುವುದೇ ಒಂದು ಕಸುಬಾಗಿ ಬೆಳೆದದ್ದು ಅದರ ತರುವಾಯ.

ಮೊದಲ ತಲೆಮಾರಿನ ಗಣಕಗಳ ಪಾಲಿಗೆ ಆರುವುದೂ ಹೊತ್ತುವುದೂ ಪ್ರಾಣಾಂತಿಕ ವ್ಯವಹಾರವಾಗಿದ್ದುವು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ನಿರ್ಮಾಣಗೊಂಡು 1946ರ ಫೆಬ್ರವರಿಯಲ್ಲಿ ಲೋಕಕ್ಕೆ ಪರಿಚಿತವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದುವು. ಈ ನಳಿಕೆಗಳು ನಡುಗೆಲಸದಲ್ಲಿ ಸಾಯುತ್ತಿದ್ದುದಕ್ಕಿಂತ ಹೆಚ್ಚಾಗಿ, ತಂತು ಕಾಯುವಾಗ ಮತ್ತು ತಣಿಯುವಾಗ ಸಾಯುತ್ತಿದ್ದುವು. ಆದಕಾರಣ ಅದನ್ನು ಆರಿಸದೆ, ಲೆಕ್ಕವಿರಲಿ ಇಲ್ಲದಿರಲಿ ಹಗಲಿರುಳೂ ಉರಿಯಬಿಡುವುದೇ ಲೇಸೆಂದು ಅದನ್ನು ನೋಡಿಕೊಳ್ಳುವವರು ಕಂಡುಕೊಂಡರು. ಹಾಗೆ ಮಾಡಿದ ಮೇಲೆ ಎರಡು ದಿನಕ್ಕೊಂದು ನಳಿಕೆ ಹೋಗುವ ಮಟ್ಟಿಗೆ ಬಾಧೆ ಇಳಿಯಿತು. 1954ರಲ್ಲಿ ಒಮ್ಮೆ 116 ಗಂಟೆಗಳ ಕಾಲ ಎಡೆಬಿಡದೆ ನಡೆದದ್ದೇ ಅದರ ಆಯುಷ್ಯದ ದೊಡ್ಡ ಸಾಧನೆ. ಇಂಥ ಯಂತ್ರವನ್ನು ಬೇಕೆಂದೇ ಆರಿಸಿ ಹೊತ್ತಿಸುವ ಯೋಚನೆ ಯಾರ ಮನಸ್ಸಿಗೂ ಬರುವಂತಿರಲಿಲ್ಲ.

ಆ ಯೋಚನೆಗೆ ಧೈರ್ಯಮಾಡಿದವರು ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಉಪಕರಣ ಪ್ರಯೋಗಾಲಯದವರು. ಮನುಷ್ಯರನ್ನು ಚಂದ್ರನ ಮೇಲೆ ಇಳಿಸುವ ಅಪೊಲೊ ನೌಕೆಗಳಿಗಾಗಿ 1960ರ ದಶಕದಲ್ಲಿ ಅವರು ರಚಿಸಿದ ಮಾರ್ಗದರ್ಶಕ ಗಣಕವು ಸುಮಾರು ಒಂದು ಘನ ಅಡಿ ಗಾತ್ರದ, 32 ಕಿಲೋಗ್ರಾಂ ತೂಕದ ಪೆಟ್ಟಿಗೆ. ಅಳಿಸಿ ಬರೆಯಲು ಬರುವ ಸ್ಮೃತಿ ಅದರೊಳಗೆ 2,048 ಪದಗಳಷ್ಟು ಮಾತ್ರ. ಇಷ್ಟು ಕಿರಿದಾದ ಸ್ಮೃತಿಯಲ್ಲಿ ಹಲವು ಕಾರ್ಯಗಳನ್ನು ಒಟ್ಟಿಗೆ ನಡೆಸಬೇಕಾದಾಗ ಒಂದಲ್ಲ ಒಂದು ದಿನ ಯಂತ್ರವು ಉಸಿರುಕಟ್ಟುವುದು ನಿಶ್ಚಯವೆಂದು ಅವರು ಮೊದಲೇ ಊಹಿಸಿದ್ದರು. ಹಾಲ್ಕೂಂಬ್ ಲ್ಯಾನಿಂಗ್ ಎಂಬ ವಿದ್ವಾಂಸನು ರೂಪಿಸಿದ ಕಾರ್ಯನಿರ್ವಾಹಕ ಕ್ರಮದಲ್ಲಿ ಪ್ರತಿಯೊಂದು ಕಾರ್ಯಕ್ಕೂ ಅದರ ಮಹತ್ತ್ವಕ್ಕೆ ತಕ್ಕ ಅಗ್ರತೆಯಿದ್ದಿತು. ಸ್ಥಳವು ತೀರಿಹೋದರೆ ಯಂತ್ರವು ತನ್ನನ್ನು ತಾನೇ ಕೊಡವಿಕೊಂಡು, ನಡೆಯುತ್ತಿದ್ದುದನ್ನೆಲ್ಲ ಬಿಟ್ಟು, ಮುಖ್ಯವಾದ ಕಾರ್ಯಗಳನ್ನಷ್ಟೇ ಮೊದಲೇ ಗುರುತಿಟ್ಟುಕೊಂಡಿದ್ದ ಸ್ಥಾನದಿಂದ ಮತ್ತೆ ಎತ್ತಿಕೊಳ್ಳುತ್ತಿದ್ದಿತು. ಇದು ಸಾಲದೆಂಬಂತೆ ಒಂದು ಪ್ರತ್ಯೇಕ ಮಂಡಲವು ಸದಾ ಎಚ್ಚರವಾಗಿದ್ದು, ನಿಯತವಾದ ಅಲ್ಪಾವಧಿಯೊಳಗೆ ಸ್ಮೃತಿಯ ಒಂದು ಗೊತ್ತಾದ ಸ್ಥಾನವನ್ನು ಯಂತ್ರವು ಮುಟ್ಟದೆ ಹೋದರೆ, ಅದು ಎಲ್ಲೋ ದಿಕ್ಕುತಪ್ಪಿ ಸುತ್ತುತ್ತಿದೆಯೆಂದು ಬಗೆದು ಬಲವಂತವಾಗಿ ಮರಳಿ ಆರಂಭಗೊಳಿಸುತ್ತಿದ್ದಿತು. ಅದಕ್ಕೆ ಅವರು ‘ಇರುಳ ಕಾವಲುಗಾರ’ ಎಂಬ ಅರ್ಥದ ಹೆಸರನ್ನಿಟ್ಟಿದ್ದರು.

1969ರ ಜುಲೈ 20ರಂದು, ಚಂದ್ರನ ನೆಲದಿಂದ ಸುಮಾರು 33,000 ಅಡಿಗಳ ಎತ್ತರದಲ್ಲಿ ಆರ್ಮ್‌ಸ್ಟ್ರಾಂಗನೂ ಆಲ್ಡ್ರಿನನೂ ಇಳಿಯುತ್ತಿದ್ದಾಗ, ಆ ಘಳಿಗೆಗೆ ಬೇಡವಾಗಿದ್ದ ರೇಡಾರಿನಿಂದ ಸುರಿಯುತ್ತಿದ್ದ ನಿರರ್ಥಕ ಸಂಕೇತಗಳನ್ನು ಎಣಿಸುವುದರಲ್ಲಿಯೇ ಗಣಕದ ಕಾಲದ ಗಣನೀಯ ಭಾಗವು ವ್ಯಯವಾಗಿ, ಫಲಕದ ಮೇಲೆ 1202 ಎಂಬ ಅಂಕ ಮೂಡಿತು. ಸ್ವಲ್ಪ ಹೊತ್ತಿನಲ್ಲಿ 1201. ಅಷ್ಟು ಬಾರಿಯೂ ಯಂತ್ರವು ಮರಳಿ ಆರಂಭಗೊಂಡಿತ್ತು, ನೌಕೆಯನ್ನು ನಡೆಸುವ ಕಾರ್ಯವನ್ನು ಮಾತ್ರ ಒಮ್ಮೆಯೂ ಕೈಬಿಡಲಿಲ್ಲ. ಹ್ಯೂಸ್ಟನ್ನಿನ ನಿಯಂತ್ರಣಾಲಯದಲ್ಲಿ ಇಳಿಯುವುದನ್ನು ಮುಂದುವರಿಸಬಹುದೇ ಹಿಂತಿರುಗಬೇಕೇ ಎಂಬ ಪ್ರಶ್ನೆಗೆ ಉತ್ತರವು ಕೆಲವೇ ಸೆಕೆಂಡುಗಳಲ್ಲಿ ದೊರೆತದ್ದಕ್ಕೆ, ಜ್ಯಾಕ್ ಗಾರ್ಮನ್ ಎಂಬ 24 ವರ್ಷದ ಇಂಜಿನಿಯರನ ಮೇಜಿನ ಮೇಲಿದ್ದ ಒಂದು ಕೈಬರಹದ ಪಟ್ಟಿ ಕಾರಣ. ಕೆಲವು ದಿನಗಳ ಹಿಂದೆ ನಡೆದ ಅಭ್ಯಾಸದಲ್ಲಿ ಇಂಥದೇ ಒಂದು ಅಂಕವನ್ನು ಕಂಡು ಗಾಬರಿಯಾಗಿ ಇಳಿಯುವಿಕೆಯನ್ನು ವೃಥಾ ರದ್ದುಗೊಳಿಸಿದ್ದುದರಿಂದ, ಸಂಭವಿಸಬಹುದಾದ ಎಲ್ಲ ಅಂಕಗಳನ್ನೂ ಅವುಗಳ ಅರ್ಥವನ್ನೂ ಬರೆದಿಟ್ಟುಕೊಳ್ಳಬೇಕೆಂದು ಆಜ್ಞೆಯಾಗಿತ್ತು. ಆ ಪಟ್ಟಿಯ ಬಲದಿಂದ ಗಾರ್ಮನ್ನನು ‘ಮುಂದುವರಿಯಿರಿ’ ಎಂಬ ಅಭಿಪ್ರಾಯವನ್ನು ಕೊಟ್ಟನು. ನನ್ನ ದೃಷ್ಟಿಯಲ್ಲಿ, ಈ ಕಸುಬಿಗೆ ಒಂದು ಮೂಲಗ್ರಂಥವೆಂಬುದಿದ್ದರೆ ಅದು ಆ ಕಾಗದದ ಹಾಳೆಯೇ. ಯಂತ್ರವು ಮರಳಿ ಆರಂಭಗೊಂಡದ್ದು ದೊಡ್ಡದಲ್ಲ. ಆರಂಭಗೊಂಡುದರ ಜೊತೆಗೆ ಅಂಕವೊಂದನ್ನು ಹೇಳಿತು, ಆ ಅಂಕದ ಅರ್ಥವನ್ನು ಬಲ್ಲವನು ಸಮೀಪದಲ್ಲಿದ್ದನು.

ಮೇಜಿನ ಗಣಕಕ್ಕೆ ಈ ಶಿಷ್ಟಾಚಾರದ ಒಂದಿಷ್ಟು ಅಂಶ ಹುಟ್ಟಿನಿಂದಲೇ ಬಂದಿದ್ದಿತು. 1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರು ಹೊತ್ತಿಕೊಂಡ ಕೂಡಲೆ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಂಡು, ಎಲ್ಲವೂ ಕ್ಷೇಮವಾಗಿದ್ದರೆ ಒಂದು ಬೀಪ್, ಇಲ್ಲದಿದ್ದರೆ ದೋಷಕ್ಕೆ ತಕ್ಕಂತೆ ಬೇರೆ ಬೇರೆ ಬೀಪುಗಳನ್ನು ಹೊರಡಿಸುತ್ತಿದ್ದಿತು. ಅದರ ಸ್ಮೃತಿಯಲ್ಲಿ ಪ್ರತಿ ಎಂಟು ಬಿಟ್ಟುಗಳಿಗೆ ಒಂಬತ್ತನೆಯದೊಂದು ಸಾಕ್ಷಿಯಾಗಿ ಇರುತ್ತಿದ್ದಿತು. ಓದಿದ್ದಕ್ಕೂ ಬರೆದದ್ದಕ್ಕೂ ತಾಳೆಯಾಗದಿದ್ದರೆ ಯಂತ್ರವು ಪ್ಯಾರಿಟಿ ದೋಷವೆಂದು ಪರದೆಯ ಮೇಲೆ ಬರೆದು ಅಲ್ಲಿಯೇ ಸ್ತಬ್ಧವಾಗುತ್ತಿದ್ದಿತು. ಬಳಸುವವನಿಗೆ ಅದು ಕಿರಿಕಿರಿಯೇ ಆಗಿದ್ದರೂ ದುರಸ್ತಿಗಾರನಿಗೆ ವರವಾಗಿದ್ದಿತು. ಮರಳಿ ಆರಂಭಿಸುವ ಅಧಿಕಾರವಾದರೋ ಮನುಷ್ಯನ ಕೈಯಲ್ಲಿಯೇ ಉಳಿದಿತ್ತು. ಡೇವಿಡ್ ಬ್ರ್ಯಾಡ್ಲಿ ಎಂಬ ಇಂಜಿನಿಯರನು ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಅದು ನಡೆಯುವಂತೆ ಮಾಡಿ, ಒಂದೇ ಕೈಯ ತಪ್ಪಿನಿಂದ ಆಕಸ್ಮಿಕವಾಗಿ ಒತ್ತಲು ಬಾರದಂತೆ ಮೂರನೆಯದನ್ನು ದೂರದಲ್ಲಿಟ್ಟಿದ್ದನು.

ಆದರೆ ಅದೇ ಯಂತ್ರದ ವಿದ್ಯುತ್ ಪೆಟ್ಟಿಗೆಯಲ್ಲಿ ಮನುಷ್ಯನ ಅನುಮತಿಯನ್ನು ಕೇಳದ ತಂತಿಯೊಂದಿದ್ದಿತು. ಪವರ್ ಗುಡ್ ಎಂದು ಅದರ ಹೆಸರು. ಪೆಟ್ಟಿಗೆಯಿಂದ ಹೊರಡುವ ವೋಲ್ಟುಗಳೆಲ್ಲ ಸ್ಥಿರಗೊಂಡುವೆಂಬ ಸಂಕೇತವು ಈ ತಂತಿಯ ಮೂಲಕ ಬರುವ ಪರ್ಯಂತ ಪ್ರೊಸೆಸರು ಕಣ್ಣು ಬಿಡುವಂತಿಲ್ಲ. ನಡೆಯುತ್ತಿರುವಾಗ ಸಂಕೇತವು ಒಂದು ಕ್ಷಣ ತಪ್ಪಿದರೂ ಅದನ್ನು ಹಿಡಿದು ನಿಲ್ಲಿಸಿ, ಸಂಕೇತವು ಮರಳಿದೊಡನೆ ಮೊದಲಿನಿಂದ ಎಬ್ಬಿಸುವುದೇ ಕ್ರಮ. ಅರೆಬರೆ ವೋಲ್ಟಿನಲ್ಲಿ ತಪ್ಪು ಲೆಕ್ಕ ಮಾಡಿ ಡಿಸ್ಕಿನ ಮೇಲೆ ಅನರ್ಥವನ್ನು ಬರೆಯುವುದಕ್ಕಿಂತ ಕೆಲಸವನ್ನೇ ಬಿಟ್ಟು ಮತ್ತೆ ಆರಂಭಿಸುವುದು ಮೇಲೆಂಬ ವಿವೇಕ ಇದರ ಹಿಂದಿದೆ. 1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಮಾನದಂಡವನ್ನು ನಿಗದಿಪಡಿಸಿದಾಗ ಈ ಕ್ರಮವು ಲೋಕವ್ಯಾಪಿಯಾಯಿತು. 12 ವೋಲ್ಟಿನ ದಾರಿಯು 11.4ಕ್ಕಿಂತ ಕೆಳಗೆ, 5 ವೋಲ್ಟಿನದು 4.75ಕ್ಕಿಂತ ಕೆಳಗೆ ಇಳಿಯಬಾರದೆಂಬುದೂ, ಗೋಡೆಯ ವಿದ್ಯುತ್ತು ತಪ್ಪಿದ ಮೇಲೆ ಪೆಟ್ಟಿಗೆಯು ತನ್ನಲ್ಲಿ ಕೂಡಿಟ್ಟುಕೊಂಡ ಶಕ್ತಿಯಿಂದ ಪೂರ್ಣಭಾರವನ್ನು 16 ಮಿಲಿಸೆಕೆಂಡುಗಳಷ್ಟಾದರೂ ಹೊರಬೇಕೆಂಬುದೂ ಆ ಕಾಲದ ನಿಯಮಗಳು. ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತನಕ್ಕೆ ತಗಲುವ ಕಾಲ 20 ಮಿಲಿಸೆಕೆಂಡು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ದೀಪವು ಮಿಣುಕಿದ್ದು ಕಣ್ಣಿಗೆ ತಿಳಿಯುವ ಮೊದಲೇ ಯಂತ್ರವು ಏತಕ್ಕೆ ಆರಿ ಹೊತ್ತುತ್ತದೆಂಬುದು ಅರ್ಥವಾದೀತು.

1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಹರಿಸಿ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪವನ್ನಿತ್ತ ನಾಡಿನಲ್ಲಿ, ನೂರು ವರ್ಷಗಳ ತರುವಾಯವೂ ರಿಪೇರಿಯವನ ಮೊದಲ ಪ್ರಶ್ನೆ ‘ನಿಮ್ಮಲ್ಲಿ ಕರೆಂಟ್ ಹೇಗಿದೆ’ ಎಂಬುದೇ ಆಗಿತ್ತೆನ್ನುವುದನ್ನು ಇತಿಹಾಸದ ವ್ಯಂಗ್ಯವೆನ್ನಬೇಕು. ಪಂಪ್‌ಸೆಟ್ಟುಗಳು ಒಟ್ಟಿಗೆ ಓಡತೊಡಗಿದಾಗ ಕುಸಿಯುವ ವೋಲ್ಟೇಜು, ಅಳಿದುಳಿದ ಅರ್ಥಿಂಗು, ಲೋಡ್‌ಶೆಡ್ಡಿಂಗಿನ ವೇಳಾಪಟ್ಟಿ, ಇವುಗಳೆಲ್ಲ ವಿದೇಶೀ ಕೈಪಿಡಿಗಳಲ್ಲಿ ಇಲ್ಲದ ಅಧ್ಯಾಯಗಳು. ಮನೆಗೆ ಇನ್‌ವರ್ಟರು ಬಂದ ಮೇಲೆ ‘ಈಗ ತೊಂದರೆಯೇನೂ ಇರಲಾರದು’ ಎಂದು ನೆಮ್ಮದಿಯಾಗಿದ್ದವರ ಕಂಪ್ಯೂಟರು ಕರೆಂಟು ಹೋದಾಗೆಲ್ಲ ಮರಳಿ ಆರಂಭಗೊಳ್ಳುತ್ತಿದ್ದಿತು. ಇನ್‌ವರ್ಟರಿನ ಹಿಂಬದಿಯ ಸಣ್ಣ ಸ್ವಿಚ್ಚೊಂದು ಯುಪಿಎಸ್ ಎಂಬ ಕಡೆಗಿರದೆ ಸಾಮಾನ್ಯವೆಂಬ ಕಡೆಗೆ ಇದ್ದುದರಿಂದ, ದೀಪಕ್ಕೂ ಫ್ಯಾನಿಗೂ ಗೊತ್ತಾಗದ ಅಂತರವು ಎಟಿಎಕ್ಸಿನ 16 ಮಿಲಿಸೆಕೆಂಡುಗಳನ್ನು ದಾಟುತ್ತಿದ್ದುದೇ ಇದರ ಗುಟ್ಟು. ಬೆರಳಿನಲ್ಲಿ ಆ ಸ್ವಿಚ್ಚನ್ನು ಇತ್ತ ಸರಿಸಿ ನೂರೈವತ್ತು ರೂಪಾಯಿ ಪಡೆದವನನ್ನು ಯಾರೂ ದೂರಬಾರದು. ಅವನು ಪಡೆದದ್ದು ಸರಿಸಿದ್ದಕ್ಕಲ್ಲ.

ಕಸುಬಿನ ಮಾತಿಗೆ ಬರೋಣ. ಭಾರತದಲ್ಲಿ ಕಂಪ್ಯೂಟರಿನ ದುರಸ್ತಿಯು ಬಹುಕಾಲ ಮಾರಿದ ಕಂಪನಿಯವರ ಗುಟ್ಟಾಗಿದ್ದಿತು. 1978ರಲ್ಲಿ ಐಬಿಎಂ ಸಂಸ್ಥೆಯು ವಿದೇಶೀ ಬಂಡವಾಳದ ನಿಯಮಗಳಿಗೆ ಒಗ್ಗಲಾರದೆ ಇಲ್ಲಿಂದ ಹೊರಟಾಗ, ಅದು ಬಿಟ್ಟುಹೋದ ಯಂತ್ರಗಳ ಪೋಷಣೆಯು ಭಾರತ ಸರ್ಕಾರವು 1975ರಲ್ಲಿ ಸ್ಥಾಪಿಸಿದ್ದ ಕಂಪ್ಯೂಟರ್ ಮೆಯಿಂಟೆನೆನ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯ ಪಾಲಿಗೆ ಬಂದಿತು. ಅನ್ಯರು ಮಾಡಿದ ಯಂತ್ರವನ್ನು ಅನ್ಯರ ನೆರವಿಲ್ಲದೆ ನಡೆಯಿಸುವ ವಿದ್ಯೆಯನ್ನು ಒಂದು ತಲೆಮಾರಿನ ಇಂಜಿನಿಯರುಗಳು ಅಲ್ಲಿ ಕಲಿತರು. ಆದರೆ ಅವರದು ಕಚೇರಿಗಳ ಮತ್ತು ವಾರ್ಷಿಕ ಒಪ್ಪಂದಗಳ ಲೋಕ. ಬೀದಿಬದಿಯ ವಿದ್ಯೆಯು ಬೆಳೆದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಗಳಲ್ಲಿ. ಪುರಭವನಕ್ಕೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಸಮೀಪದ ಆ ಇಕ್ಕಟ್ಟಿನ ಬೀದಿಯಲ್ಲಿ, ರೇಡಿಯೋ ಟೇಪ್‌ರೆಕಾರ್ಡರುಗಳ ಬಿಡಿಭಾಗಗಳನ್ನು ಬಲ್ಲ ಕೈಗಳೇ 1990ರ ದಶಕದಲ್ಲಿ ಮದರ್‌ಬೋರ್ಡುಗಳ ಕಡೆಗೆ ತಿರುಗಿದುವು. ಕ್ಯಾಬಿನೆಟ್ಟು ಒಬ್ಬನಲ್ಲಿ, ರ‍್ಯಾಮ್ ಇನ್ನೊಬ್ಬನಲ್ಲಿ, ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆ ಮತ್ತೊಬ್ಬನಲ್ಲಿ ಕೊಂಡು ಜೋಡಿಸಿದ ‘ಅಸೆಂಬಲ್ಡ್ ಸಿಸ್ಟಮ್’ ಕಂಪನಿಯ ಯಂತ್ರದ ಅರ್ಧ ಬೆಲೆಗೆ ಸಿಕ್ಕುತ್ತಿದ್ದಿತು. ಕೆಟ್ಟರೆ ಹೊಣೆ ಹೊರುವ ಕಂಪನಿಯೊಂದು ಇಲ್ಲದ್ದರಿಂದ ಹೊಣೆಯೆಲ್ಲ ಜೋಡಿಸಿದ ಹುಡುಗನದೇ. ವಿದ್ಯೆಗೆ ಇದಕ್ಕಿಂತ ಕಠಿಣನಾದ ಗುರುವಿಲ್ಲ. ಎಸ್‌ಎಂಪಿಎಸ್ ಪೆಟ್ಟಿಗೆಯ ಮೇಲೆ 450 ವ್ಯಾಟ್ ಎಂದು ಎಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚಾಗಿದ್ದರೂ, ಅದನ್ನು ಅಂಗೈಯಲ್ಲಿ ಎತ್ತಿ ತೂಗಿನೋಡಿ, ಒಳಗಿನ ಟ್ರಾನ್ಸ್‌ಫಾರ್ಮರಿನ ಮತ್ತು ಲೋಹದ ತಗಡುಗಳ ತೂಕದಿಂದಲೇ ಅದರ ಯೋಗ್ಯತೆಯನ್ನು ನಿರ್ಧರಿಸುವ ಪದ್ಧತಿ ಹುಟ್ಟಿದ್ದು ಈ ಹುಡುಗರಿಂದ. ಹಗುರವಾದ ಪೆಟ್ಟಿಗೆಯು ಆಟ ಆಡುವಾಗಲೋ ಸಿ.ಡಿ. ಬರೆಯುವಾಗಲೋ ಭಾರ ಏರಿದೊಡನೆ 12 ವೋಲ್ಟನ್ನು ಕೈಬಿಡುತ್ತಿದ್ದಿತು. ಪವರ್ ಗುಡ್ ತಪ್ಪುತ್ತಿದ್ದಿತು. ಯಂತ್ರ ಆರಿ ಹೊತ್ತುತ್ತಿದ್ದಿತು.

ಈ ವೇಳೆಗಾಗಲೇ ಯಂತ್ರವು ಮಿತಭಾಷಿಯಾಗಲು ಆರಂಭಿಸಿತ್ತು. 1995ರಲ್ಲಿ ಬಂದ ಇಂಟೆಲ್ಲಿನ ಟ್ರೈಟನ್ ಚಿಪ್‌ಸೆಟ್ಟು ಒಂಬತ್ತನೆಯ ಸಾಕ್ಷಿಬಿಟ್ಟನ್ನು ಕೇಳುವುದನ್ನೇ ಬಿಟ್ಟಿತು. ಅಗ್ಗದ ಸ್ಮೃತಿಯ ಆಸೆಗೆ ಲೋಕವೂ ಅದನ್ನು ಒಪ್ಪಿತು. ಅಲ್ಲಿಂದಾಚೆಗೆ ಸ್ಮೃತಿಯ ಒಂದು ಬಿಟ್ಟು ಕೆಟ್ಟರೆ ಹೇಳುವವರಿಲ್ಲ. ಹೇಳದೆ ಹೋದ ತಪ್ಪು ಮತ್ತೆಲ್ಲೋ ಕುಸಿತವಾಗಿ ಪ್ರಕಟವಾಗುತ್ತಿದ್ದಿತು. ಇದಕ್ಕೆ ಪರಿಹಾರವಾಗಿ ಕ್ರಿಸ್ ಬ್ರೇಡಿ ಎಂಬವನು 1994ರಲ್ಲಿಯೇ ಬರೆದಿದ್ದ ಮೆಮ್‌ಟೆಸ್ಟ್86 ಎಂಬ ಕ್ರಮವಿಧಿಯು ಸ್ಮೃತಿಯ ಪ್ರತಿಯೊಂದು ಸ್ಥಾನದಲ್ಲಿಯೂ ಬರೆದು ಓದಿ ಬರೆದು ಓದಿ, ಇಡೀ ರಾತ್ರಿ ವಿಚಾರಣೆ ನಡೆಸುವ ಸಾಧನವಾಗಿ ದುರಸ್ತಿಗಾರರ ಕೈಗೆ ಬಂದಿತು. ನಮ್ಮ ಅಂಗಡಿಗಳಲ್ಲಿ ಅದಕ್ಕೂ ಮೊದಲು ನಡೆಯುತ್ತಿದ್ದ ವಿಧಿಯೇ ಬೇರೆ: ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಹೊಂಬಣ್ಣದ ಅಂಚನ್ನು ಶಾಲೆಯ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಎರಡೂ ಕಡೆ ಉಜ್ಜಿ, ಊದಿ, ಮತ್ತೆ ಕೂಡಿಸುವುದು. ಕಲಿತವರು ಇದನ್ನು ನೋಡಿ ನಕ್ಕದ್ದುಂಟು. ಆದರೆ ಧೂಳೂ ತೇವವೂ ಕೂಡಿದ ನಮ್ಮ ಹವೆಯಲ್ಲಿ ಸಂಪರ್ಕದ ಮೇಲೆ ಕಟ್ಟುವ ಪೊರೆಯೇ ಅನೇಕ ವೇಳೆ ದೋಷವಾಗಿರುತ್ತಿದ್ದುದರಿಂದ, ನಕ್ಕವರ ಯಂತ್ರವೂ ರಬ್ಬರಿನಿಂದಲೇ ವಾಸಿಯಾದದ್ದುಂಟು.

ಮಾತು ಪೂರ್ತಿ ನಿಂತದ್ದು 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಿಂದ. ಅದಕ್ಕೆ ಹಿಂದಿನ ವಿಂಡೋಸುಗಳು ಮಾರಕವಾದ ತಪ್ಪು ಘಟಿಸಿದಾಗ ನೀಲಿ ಪರದೆಯೊಂದನ್ನು ತೋರಿ, ಅದರ ಮೇಲೆ ತಪ್ಪಿನ ಅಂಕವನ್ನು ಬರೆದು ನಿಲ್ಲುತ್ತಿದ್ದುವು. ಜನರು ಆ ಪರದೆಯನ್ನು ಹಳಿದರು, ಹಾಸ್ಯಮಾಡಿದರು. ಯಾರೂ ಬಳಿಯಿಲ್ಲದ ಸರ್ವರುಗಳು ಇರುಳಿನಲ್ಲಿ ಕುಸಿದರೆ ಬೆಳಗಿನ ತನಕ ನಿಂತುಬಿಡಬಾರದೆಂಬ ಸದುದ್ದೇಶದಿಂದ, ತಾನಾಗಿ ಮರಳಿ ಆರಂಭಗೊಳ್ಳುವ ಒಂದು ಆಯ್ಕೆಯು ಎನ್‌ಟಿ ವಂಶದ ವಿಂಡೋಸಿನಲ್ಲಿ ಮೊದಲೇ ಇದ್ದಿತು. ಎಕ್ಸ್‌ಪಿಯು ಅದನ್ನು ಮನೆಮನೆಯ ಮೇಜಿನ ಯಂತ್ರದಲ್ಲಿಯೂ ಗುರುತು ಹಾಕಿದ ಸ್ಥಿತಿಯಲ್ಲಿಯೇ ಕೊಟ್ಟಿತು. ನೀಲಿ ಪರದೆಯು ಕಣ್ಣೆವೆಯಿಕ್ಕುವಷ್ಟರಲ್ಲಿ ಮಾಯವಾಗುತ್ತಿದ್ದಿತು. ಗಾರ್ಮನ್ನನ ಪಟ್ಟಿಯು ಇದ್ದರೇನು, ಅಂಕವನ್ನು ಓದಲು ಅವಕಾಶವೇ ಇಲ್ಲ! ಇದು ಸಾಮಾನ್ಯ ಬಳಕೆದಾರನ ಮೇಲೆ ತೋರಿದ ದಯೆಯೆಂದು ಸಮರ್ಥಿಸುವವರಿದ್ದಾರೆ, ನಾನು ಒಪ್ಪಲಾರೆ. ಗಾಬರಿಯನ್ನು ತಪ್ಪಿಸುವ ನೆಪದಿಂದ ರೋಗಲಕ್ಷಣವನ್ನೇ ಮುಚ್ಚಿದ ಕೃತ್ಯವಿದು. 2004ರ ಆಗಸ್ಟಿನಲ್ಲಿ ಬಂದ ಎರಡನೆಯ ಸರ್ವಿಸ್ ಪ್ಯಾಕ್‌ನಲ್ಲಿ, ಹೊತ್ತಿಕೊಳ್ಳುವಾಗ ಎಫ್8 ಒತ್ತಿ ಈ ಅಭ್ಯಾಸವನ್ನು ನಿಲ್ಲಿಸುವ ಉಪಾಯವೊಂದನ್ನು ಸೇರಿಸಬೇಕಾಗಿ ಬಂದುದೇ ಅದು ಉಂಟುಮಾಡಿದ ಕಷ್ಟಕ್ಕೆ ಸಾಕ್ಷಿ.

ದುರ್ದೈವವಶಾತ್ ಅದೇ ನಾಲ್ಕೈದು ವರ್ಷಗಳಲ್ಲಿ ಯಂತ್ರವನ್ನು ಆರಿ ಹೊತ್ತಿಸುವ ಬೇರೆ ಬೇರೆ ಕಾರಣಗಳು ಒಟ್ಟೊಟ್ಟಿಗೆ ಬಂದು ಕೂಡಿದುವು. 2003ರ ಆಗಸ್ಟ್ 11ರಂದು ಬ್ಲಾಸ್ಟರ್ ಎಂಬ ಹುಳು ಜಾಲದ ಮೂಲಕ ಹರಡತೊಡಗಿತು. ಪರದೆಯ ಮೇಲೆ ಅರವತ್ತು ಸೆಕೆಂಡುಗಳ ಹಿಮ್ಮುಖ ಎಣಿಕೆ ಮೂಡಿ, ಎಣಿಕೆ ತೀರಿದೊಡನೆ ಯಂತ್ರ ಮರಳಿ ಆರಂಭಗೊಳ್ಳುತ್ತಿದ್ದಿತು. ಅದಕ್ಕೆ ತಕ್ಕ ತೇಪೆಯನ್ನು ಮೈಕ್ರೋಸಾಫ್ಟ್ ಜುಲೈ 16ರಂದೇ ಪ್ರಕಟಿಸಿದ್ದಿತು, ಆದರೆ ಹಾಕಿಕೊಂಡವರು ಕಡಮೆ. ಮರುವರ್ಷದ ಏಪ್ರಿಲ್ ಕೊನೆಯಲ್ಲಿ ಸ್ಯಾಸರ್ ಎಂಬ ಇನ್ನೊಂದು ಹುಳು ಇದೇ ಜಾಡನ್ನು ಹಿಡಿಯಿತು. ಆ ಕಾಲದ ಬ್ರೌಸಿಂಗ್ ಸೆಂಟರುಗಳಲ್ಲಿ ಸಾಲಾಗಿ ಕುಳಿತ ಯಂತ್ರಗಳು ಒಂದರ ಹಿಂದೊಂದು ಆರುತ್ತಿದ್ದಾಗ, ‘ರನ್’ಗೆ ಹೋಗಿ ‘ಶಟ್‌ಡೌನ್ ಮೈನಸ್ ಎ’ ಎಂದು ಹೊಡೆದು ಎಣಿಕೆಯನ್ನು ತಡೆಯುವ ಕ್ರಮವು ಬಾಯಿಂದ ಬಾಯಿಗೆ ಹಬ್ಬಿತು. ಪ್ರೊಸೆಸರುಗಳ ಶಾಖವೂ ಆಗಲೇ ಏರಿದ್ದು. 2004ರ ಪ್ರೆಸ್ಕಾಟ್ ತಲೆಮಾರಿನ ಪೆಂಟಿಯಂ 4ಗಳಲ್ಲಿ ಅದು 115 ವ್ಯಾಟ್‌ಗಳ ವರೆಗೆ ಹೋಯಿತು. ಆದರೂ ಶಾಖವನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಮಿತಿಮೀರಿ ಬಿಸಿಯಾದ ಪ್ರೊಸೆಸರು ಸಾಮಾನ್ಯವಾಗಿ ವಿದ್ಯುತ್ತನ್ನೇ ಕಡಿಸಿಬಿಡುವುದರಿಂದ, ಆರಿ ಆರಿಯೇ ಉಳಿದರೆ ಫ್ಯಾನನ್ನೂ ಶಾಖವಾಹಕ ಪೇಸ್ಟನ್ನೂ ನೋಡು, ಆರಿ ಹೊತ್ತಿದರೆ ಎಸ್‌ಎಂಪಿಎಸ್ಸನ್ನು ನೋಡು ಎಂಬ ಸೂತ್ರವು ಅಂಗಡಿಗಳಲ್ಲಿ ಪ್ರಚಾರದಲ್ಲಿದ್ದಿತು.

ಇವೆಲ್ಲಕ್ಕಿಂತ ಆಳವಾದದ್ದು ಕೆಪಾಸಿಟರುಗಳ ಪಿಡುಗು. ಪೆಂಟಿಯಂ 4ರ ಕಾಲದ ಪ್ರೊಸೆಸರಿಗೆ ಬೇಕಾದದ್ದು ಒಂದೂವರೆ ವೋಲ್ಟಿನಷ್ಟು ಅಲ್ಪವಾದ ಒತ್ತಡ, 50 ಆಂಪಿಯರುಗಳನ್ನು ಮೀರಬಲ್ಲ ಪ್ರವಾಹ. ಅಂಥ ಪ್ರವಾಹವನ್ನು ಅಲೆಯಿಲ್ಲದೆ ನುಣುಪಾಗಿ ಇರಿಸುವ ಭಾರವು ಪ್ರೊಸೆಸರಿನ ಬದಿಯಲ್ಲಿ ಸಾಲಾಗಿ ನಿಂತ, ಕಿರುಬೆರಳ ತುದಿಯಷ್ಟು ದಪ್ಪದ ಅಲ್ಯೂಮಿನಿಯಂ ಕೆಪಾಸಿಟರುಗಳ ಮೇಲೆ ಬಿದ್ದಿತು. ಒಳತಡೆಯು ಕಡಮೆಯಿರಬೇಕೆಂದು ಅವುಗಳ ದ್ರವದಲ್ಲಿ ನೀರಿನ ಅಂಶವನ್ನು ಹೆಚ್ಚಿಸಿದ್ದರು. ನೀರು ಅಲ್ಯೂಮಿನಿಯಂ ಅನ್ನು ತಿಂದು ಜಲಜನಕವನ್ನು ಹೊರಡಿಸುತ್ತದೆ. ಅದನ್ನು ತಡೆಯುವ ರಾಸಾಯನಿಕಗಳು ದ್ರವದಲ್ಲಿ ತಕ್ಕ ಪ್ರಮಾಣದಲ್ಲಿರದಿದ್ದರೆ ಮುಚ್ಚಿದ ಡಬ್ಬಿಯೊಳಗೆ ಅನಿಲವು ಸಂಚಯವಾಗುತ್ತದೆ. 2002ರ ಸುಮಾರಿಗೆ ತೈವಾನಿನಲ್ಲಿ ತಯಾರಾದ ಅನೇಕ ಕೆಪಾಸಿಟರುಗಳಲ್ಲಿ ಸಂಭವಿಸಿದ್ದು ಇದು. ಜಪಾನಿನ ಸೂತ್ರವನ್ನು ಅರ್ಧಂಬರ್ಧ ಕದ್ದುದರ ಫಲವಿದೆಂಬ ಗೂಢಚಾರ ಕಥೆಯೊಂದು ಆಗಿನ ಪತ್ರಿಕೆಗಳಲ್ಲಿ ಬಹಳ ರುಚಿಯಾಗಿ ಪ್ರಕಟವಾಯಿತು. ಆದರೆ ಕಳ್ಳತನವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಡೆಲ್ ಸಂಸ್ಥೆಯ ಆಪ್ಟಿಪ್ಲೆಕ್ಸ್ ಯಂತ್ರಗಳಲ್ಲಿ ಕೆಟ್ಟ ಕೆಪಾಸಿಟರುಗಳು ಜಪಾನಿನದೇ ಒಂದು ಹೆಸರಾಂತ ಸಂಸ್ಥೆಯವು. ಆ ಯಂತ್ರಗಳ ದುರಸ್ತಿಗಾಗಿ ಡೆಲ್ 2005ರಲ್ಲಿ ಸುಮಾರು 30 ಕೋಟಿ ಡಾಲರುಗಳನ್ನು ತೆಗೆದಿರಿಸಬೇಕಾಯಿತು.

ಕ್ಯಾಬಿನೆಟ್ಟಿನ ಬದಿಯ ತಗಡನ್ನು ತೆಗೆದು ಟಾರ್ಚು ಬಿಟ್ಟು ನೋಡಿದವನಿಗೆ ಈ ರೋಗವು ಕಣ್ಣಿಗೇ ಕಾಣುತ್ತಿದ್ದಿತು. ಆರೋಗ್ಯವಂತ ಕೆಪಾಸಿಟರಿನ ನೆತ್ತಿಯು ಸಮತಟ್ಟಾಗಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಒಡೆಯುವುದಾದರೆ ಸಿಡಿಯದೆ ಬಿರಿಯಲೆಂದು ಅದರ ಮೇಲೆ ಅಡ್ಡಉದ್ದ ಗೀರುಗಳನ್ನು ಕೊರೆದಿರುತ್ತಾರೆ. ರೋಗ ತಗುಲಿದ್ದರ ನೆತ್ತಿಯು ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ, ಗೀರುಗಳು ಬಾಯಿಬಿಟ್ಟು, ಒಳಗಿನ ದ್ರವವು ಒಸರಿ ಕಂದುಬಣ್ಣದ ಹೊಪ್ಪಳೆಯಾಗಿ ಅಂಟಿಕೊಂಡಿರುತ್ತಿದ್ದಿತು. ‘ಕೆಪಾಸಿಟರ್ ಊದ್ಕೊಂಡಿದೆ ಸಾರ್’ ಎಂಬ ಒಂದು ವಾಕ್ಯದಿಂದ ರೋಗನಿದಾನ ಮುಗಿಯುತ್ತಿದ್ದಿತು. ಚಿಕಿತ್ಸೆ ಮಾತ್ರ ಸುಲಭವಲ್ಲ. ಬೋರ್ಡಿನ ಒಳಪದರಗಳ ತಾಮ್ರವು ಬೆಸುಗೆಕೋಲಿನ ಶಾಖವನ್ನೆಲ್ಲ ಹೀರಿಬಿಡುವುದರಿಂದ ಸೀಸವು ಬೇಗ ಕರಗದು. ಬಲವಂತವಾಗಿ ಎಳೆದರೆ ರಂಧ್ರದ ಒಳಗೋಡೆಯೇ ಕಿತ್ತುಬಂದು ಬೋರ್ಡು ಹಾಳು. ಹಳೆಯ ರೇಡಿಯೋ ಮೆಕ್ಯಾನಿಕ್ಕುಗಳು ಕಂಪ್ಯೂಟರಿನ ಹುಡುಗರಿಗಿಂತ ಮೇಲುಗೈ ಸಾಧಿಸಿದ್ದು ಇಲ್ಲಿ: ಎರಡು ಕಾಲುಗಳನ್ನು ಸರದಿಯಾಗಿ ಕಾಯಿಸುತ್ತ, ಡಬ್ಬಿಯನ್ನು ಅತ್ತಿತ್ತ ಓಲಾಡಿಸುತ್ತ ಹೊರತೆಗೆದು, 6.3 ವೋಲ್ಟಿನ ಜಾಗಕ್ಕೆ ಅದಕ್ಕಿಂತ ಹೆಚ್ಚಿನ ವೋಲ್ಟನ್ನು ತಾಳಬಲ್ಲ, 105 ಡಿಗ್ರಿಯೆಂದು ಅಚ್ಚಾದ ಹೊಸದನ್ನು ಧನ ಋಣಗಳ ದಿಕ್ಕು ತಪ್ಪದಂತೆ ಕೂಡಿಸುವ ಕೈಚಳಕ ಅವರದಾಗಿದ್ದಿತು. ಬಿಡಿಭಾಗದ ಬೆಲೆ ಕೆಲವೇ ರೂಪಾಯಿ. ಉಳಿದದ್ದು ಸಾವಿರಾರು ರೂಪಾಯಿಯ ಬೋರ್ಡು.

ಇದೇ ಕಾಲದಲ್ಲಿ ಹುಟ್ಟಿ ಇನ್ನೂ ಸಾಯದ ಒಂದು ದುರಭ್ಯಾಸವನ್ನೂ ಹೇಳಬೇಕು. ತಾನಾಗಿ ಮರಳಿ ಆರಂಭಗೊಳ್ಳುವ ಯಂತ್ರವೆಂದೊಡನೆ, ತಗಡನ್ನೂ ಬಿಚ್ಚದೆ, ಅಂಕವನ್ನೂ ಓದದೆ, ‘ಫಾರ್ಮ್ಯಾಟ್ ಹೊಡೀಬೇಕು’ ಎಂದು ವಿಧಿಸಿ, ಡಿಸ್ಕಿನಲ್ಲಿದ್ದ ಮದುವೆಯ ಚಿತ್ರಗಳನ್ನೂ ಲೆಕ್ಕಪತ್ರಗಳನ್ನೂ ಅಳಿಸಿ, ಹೊಸದಾಗಿ ವಿಂಡೋಸ್ ಹಾಕಿ ಕಳುಹಿಸುವವರಿಗೆ ಕೊರತೆಯಿರಲಿಲ್ಲ. ಉಬ್ಬಿದ ಕೆಪಾಸಿಟರು ಫಾರ್ಮ್ಯಾಟಿನಿಂದ ತಗ್ಗುವುದಿಲ್ಲ. ವಾರದೊಳಗೆ ಯಂತ್ರ ಹಿಂತಿರುಗುತ್ತಿದ್ದಿತು, ಎರಡನೆಯ ಸಲದ ಹಣವೂ ಸಲ್ಲುತ್ತಿದ್ದಿತು.

ಕ್ರಮೇಣ ದ್ರವಕ್ಕೆ ಬದಲು ಘನ ಪಾಲಿಮರ್ ತುಂಬಿದ ಕೆಪಾಸಿಟರುಗಳು ಬಂದು ಪಿಡುಗು ಅಡಗಿತು. ಯಂತ್ರದ ಮಾತೂ ತುಸು ಮರಳಿತು: ವಿಂಡೋಸ್ 7ರಿಂದ ಮುಂದಕ್ಕೆ ಈವೆಂಟ್ ವ್ಯೂವರಿನ ದಿನಚರಿಯಲ್ಲಿ ಕರ್ನಲ್ ಪವರ್ 41 ಎಂಬ ನಮೂದು ಕಾಣಿಸಿಕೊಳ್ಳತೊಡಗಿತು. ಕ್ರಮಬದ್ಧವಾಗಿ ಮುಚ್ಚದೆ ಯಂತ್ರವು ಮರಳಿ ಆರಂಭಗೊಂಡಿತೆಂದಷ್ಟೇ ಅದು ಹೇಳುತ್ತದೆ. ಅದರ ವಿವರಗಳಲ್ಲಿ ಬಗ್‌ಚೆಕ್ ಎಂಬ ತಪ್ಪಿನ ಅಂಕವು ಸೊನ್ನೆಯಾಗಿದ್ದರೆ ವಿಂಡೋಸಿಗೆ ತಪ್ಪನ್ನು ಬರೆಯುವಷ್ಟೂ ವ್ಯವಧಾನ ಸಿಕ್ಕಿಲ್ಲ, ವಿದ್ಯುತ್ತಿನ ದಾರಿಯನ್ನು ಹಿಡಿಯಬೇಕು. ಅಂಕವಿದ್ದರೆ ಡ್ರೈವರನ್ನೋ ಸ್ಮೃತಿಯನ್ನೋ ವಿಚಾರಿಸಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆಯು ಕಳುಹಿಸಿದ ದೋಷಯುಕ್ತ ಕಡತವೊಂದರಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದಾಗ, ಅವುಗಳಲ್ಲಿ ಅಸಂಖ್ಯಾತವಾದವು ಆರುವುದು ಹೊತ್ತುವುದು ಎಂಬ ಚಕ್ರದಲ್ಲಿ ಸಿಕ್ಕಿಕೊಂಡುವು. ಜಗತ್ತಿನ ಎಷ್ಟೋ ವಿಮಾನ ನಿಲ್ದಾಣಗಳ ಫಲಕಗಳು ನೀಲಿಯಾದುವು. ಅದಕ್ಕೂ ಬಹುಪಾಲು ಪರಿಹಾರವು ಪುರಾತನವಾದದ್ದೇ: ಒಬ್ಬ ಮನುಷ್ಯನು ಪ್ರತಿಯೊಂದು ಯಂತ್ರದ ಬಳಿಗೆ ನಡೆದುಹೋಗಿ, ಸೇಫ್ ಮೋಡಿನಲ್ಲಿ ಹೊತ್ತಿಸಿ, ಕೈಯಿಂದ ಆ ಒಂದು ಕಡತವನ್ನು ಅಳಿಸುವುದು.

ಎಕ್ಸ್‌ಪಿಯ ಕಾಲದ ಆ ಗುರುತು ಇಂದಿನ ವಿಂಡೋಸ್ 11ರಲ್ಲಿಯೂ ಹಾಕಿದ ಸ್ಥಿತಿಯಲ್ಲಿಯೇ ಬರುತ್ತದೆ. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಎಂಬ ಪುಟಕ್ಕೆ ಹೋಗಿ, ಸ್ಟಾರ್ಟಪ್ ಅಂಡ್ ರಿಕವರಿ ಎಂಬುದರ ಸೆಟ್ಟಿಂಗ್ಸ್ ತೆರೆದರೆ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಎದುರಿಗೆ ಅದು ಕಾಣುತ್ತದೆ. ಓದುಗರಲ್ಲಿ ಯಾರ ಯಂತ್ರವಾದರೂ ತಾನಾಗಿ ಆರಿ ಹೊತ್ತುತ್ತಿದ್ದರೆ, ಅಂಗಡಿಗೆ ಹೊರುವ ಮೊದಲು ಆ ಗುರುತನ್ನು ತೆಗೆಯಿರಿ. ಮುಂದಿನ ಸಲ ಪರದೆಯ ಮೇಲೆ ಅಂಕ ನಿಂತರೆ ಅದನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿರಿ; ಅಂಕ ನಿಲ್ಲದೆ ಆಗಲೂ ಆರಿ ಹೊತ್ತಿದರೆ ಎಸ್‌ಎಂಪಿಎಸ್ ಬದಲಿಸಿ ನೋಡಿರೆಂದು ಮೆಕ್ಯಾನಿಕ್ಕಿಗೆ ಹೇಳಿ. ಫಾರ್ಮ್ಯಾಟ್ ಎಂಬ ಮಾತನ್ನು ಅವರು ಮೊದಲು ಎತ್ತಿದರೆ ಪಕ್ಕದ ಅಂಗಡಿಗೆ ಹೋಗಬಹುದು.